ನೆಗೆಣ್ಣಿಯ ಬಾಯಲ್ಲಿ ನಮ್ಮವರ ಹೆಸರು

ನನ್ನ ಗಂಡನ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಹಾಗಂತ ನಾನು ಭಾರೀ ಮಡಿವಂತೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ, ದವಾಖಾನೆಯ ಕಿಟಕಿಯಲ್ಲಿ ಕೇಳಿದರೆ ಹೇಳುತ್ತೇನೆ. ಹೇಳುವಾಗ ದನಿ ಮಾತ್ರ ತಾನಾಗಿಯೇ ಇಳಿಯುತ್ತದೆ, ಕಿಟಕಿಯ ಆಚೆ ಕೂತವರು ‘ಏನಂದ್ರಿ?’ ಎಂದು ಇನ್ನೊಮ್ಮೆ ಕೇಳುತ್ತಾರೆ. ಮನೆಯಲ್ಲಿ ಅವರು ‘ಇವರು’, ಹೊರಗೆ ‘ನಮ್ಮವರು’, ಕರೆಯಬೇಕಾದಾಗ ‘ಇಲ್ಲೆ ಬರ್ರಿ ಸ್ವಲ್ಪ’. ಇಷ್ಟರಲ್ಲಿಯೇ ನಮ್ಮ ಸಂಸಾರ ನಡೆದುಕೊಂಡು ಬಂದಿದೆ, ಏನೂ ಕಡಿಮೆಯಾಗಿಲ್ಲ. ಕಡಿಮೆಯಾದದ್ದು ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ. ಅದು ನನ್ನಿಂದ ಆಯಿತು.

ನಮ್ಮದು ಬೈಲಹೊಂಗಲದಿಂದ ಸಂಗೊಳ್ಳಿಗೆ ಹೋಗುವ ಕಡೆಯ ಹಳ್ಳಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ಮಗಳು, ಮೈದುನ. ಹೋದ ಬೇಸಿಗೆಯಲ್ಲಿ ಮುರಗೋಡದ ಹುಡುಗಿ ಮೈದುನನ ಹೆಂಡತಿಯಾಗಿ ಬಂದಳು. ಮಾತು ಕಡಿಮೆ, ಕೆಲಸ ಚುರುಕು. ನಾನು ಅದರ ತಿರುಗಾಮುರುಗಾ. ಬೈಲಹೊಂಗಲದ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಮಧ್ಯಾಹ್ನ ಹೆಂಗಸರಿಗಾಗಿಯೇ ಬ್ಯಾಚು ಶುರುವಾಗಿದೆ ಎಂದು ಕೇಳಿದ್ದೇ ತಡ, ನಾನು ಹೋಗುತ್ತೇನೆ ಎಂದು ಕೂತೆ. ಬಿ.ಎ. ಮಾಡಿದ್ದೇನೆ, ಅಡುಗೆಮನೆಯಲ್ಲಿಯೇ ಮುದುಕಿಯಾಗಬೇಕೇ ಎಂದು ನನ್ನ ವಾದ. ಅತ್ತೆ ವಾದ ಮಾಡಲಿಲ್ಲ. ಒಂದೇ ಮಾತು ಕೇಳಿದರು: “ಸಂಜಿ ರೊಟ್ಟಿ ಯಾರ ಬಡಿಯೂದು?”

ಆಗ ಒಲೆಯ ಮುಂದಿನಿಂದ ನೆಗೆಣ್ಣಿ, ಬಂದು ಇನ್ನೂ ಸರಿಯಾಗಿ ತಿಂಗಳಾಗದವಳು, ತಲೆ ಎತ್ತದೆಯೇ ಅಂದಳು: “ನಾ ಬಡಿತೇನ್ರಿ ಅತ್ತಿ. ಅಕ್ಕಾ ಹೋಗಿ ಬರ್ಲಿ.”

ಹೊಸ ಸೊಸೆ ಅತ್ತೆಯ ಎದುರು ಇಷ್ಟು ಮಾತಾಡುವುದು ಸಣ್ಣ ವಿಷಯವಲ್ಲ. ಅವತ್ತಿನಿಂದ ನನ್ನ ಪಾಲಿನ ರೊಟ್ಟಿಯನ್ನೂ ಅವಳೇ ಬಡಿದಳು. ಸಂಜೆ ನಾನು ಬಸ್ಸಿಳಿದು ಬರುವ ಹೊತ್ತಿಗೆ ಅವಳ ಮುಖ ಒಲೆಯ ಝಳಕ್ಕೆ ಕೆಂಪಾಗಿರುತ್ತಿತ್ತು. ‘ಇವತ್ತ ಏನ ಕಲಿಸಿದ್ರ ಅಕ್ಕಾ?’ ಎಂದು ಕೇಳುತ್ತಿದ್ದಳು, ನಾನು ದೊಡ್ಡ ಪಂಡಿತೆಯ ಹಾಗೆ ಹೇಳುತ್ತಿದ್ದೆ.

ನಿಜವಾಗಿ ಕ್ಲಾಸಿನಲ್ಲಿ ನನ್ನ ಪಾಂಡಿತ್ಯ ಬೇರೆಯೇ ಇತ್ತು. ಕಲಿಸುವ ಮೇಡಂ ರಾಮದುರ್ಗದ ಕಡೆಯವರು, ನನಗಿಂತ ಚಿಕ್ಕವರು, ನಮ್ಮನ್ನೆಲ್ಲ ‘ಅಕ್ಕಾರ’ ಎನ್ನುತ್ತಿದ್ದರು. ಮೊದಲು ಪೇಜಿಗೆ ಬಣ್ಣ ಹಚ್ಚುವುದು, ಚಿತ್ರ ಕೂಡಿಸುವುದು ಕಲಿಸಿದರು. ಅಲ್ಲಿಯವರೆಗೆ ನಾನೇ ಮುಂದು. ಆಮೇಲೆ ಜಾವಾಸ್ಕ್ರಿಪ್ಟ್ ಬಂತು. ವೇರಿಯೇಬಲ್ ಅಂದರೆ ಒಂದು ಡಬ್ಬಿ, ಅದರ ಮೇಲೆ ಒಂದು ಚೀಟಿ, ಒಳಗೆ ಏನು ಹಾಕುತ್ತೀರೋ ಅದು ಎಂದರು. ನಾನು ನನ್ನ ಡಬ್ಬಿಗಳಿಗೆ ಎ, ಬಿ, ಎರಡು ಬಿ ಎಂದು ಹೆಸರಿಟ್ಟೆ. ಮೇಡಂ ನೋಡಿ, “ಮನ್ಯಾಗ ಸಕ್ಕರಿ ಡಬ್ಬಿ ಮ್ಯಾಲೆ ‘ಡಬ್ಬಿ’ ಅಂತ ಬರದಿಡ್ತೀರೇನ್ರಿ ಅಕ್ಕಾರ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಉರಿಯಿತು.

ಅದಕ್ಕಿಂತ ದೊಡ್ಡ ಕಾಟ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ್ದು. ನಾನು ಕನ್ನಡ ಶಾಲೆಯಲ್ಲಿ ಕಲಿತವಳು. ನಮ್ಮ ‘ಕ’ ಎಲ್ಲಿ ಹೋದರೂ ‘ಕ’ವೇ. ಸಾಲಿನ ಮೊದಲಿಗೆ ಬಂತೆಂದು ಅದು ಉಬ್ಬುವುದಿಲ್ಲ. ಕಂಪ್ಯೂಟರಿಗೆ ಮಾತ್ರ ದೊಡ್ಡ ಡಿ ಬೇರೆ ಮನುಷ್ಯ, ಸಣ್ಣ ಡಿ ಬೇರೆ ಮನುಷ್ಯ. ಪೇಜಿನ ಒಂದು ತುಂಡನ್ನು ಹಿಡಿಯಲು ‘ಗೆಟ್ ಎಲಿಮೆಂಟ್ ಬೈ ಐಡಿ’ ಎಂದು ಬರೆಯಬೇಕು. ನಮ್ಮ ಕಾರ್ಡುಗಳ ಮೇಲೆಲ್ಲ ಐಡಿ ಅಂದರೆ ಎರಡೂ ದೊಡ್ಡಕ್ಷರಗಳೇ ತಾನೇ? ಹಾಗೆಯೇ ಬರೆದೆ. ಮಧ್ಯಾಹ್ನವೆಲ್ಲ ಹೋಯಿತು, ಬಟನ್ ಒತ್ತಿದರೆ ಪೇಜು ಮಿಸುಕಲಿಲ್ಲ. ಕಂಪ್ಯೂಟರ್ ಕೆಟ್ಟಿದೆ, ಕರೆಂಟು ಸರಿಯಿಲ್ಲ, ಕ್ಲಾಸೇ ಸರಿಯಿಲ್ಲ ಎಂದು ಪಕ್ಕದವಳ ಕಿವಿ ತಿಂದೆ. ಮೇಡಂ ಬಂದು ಕೊನೆಯ ಡಿಯನ್ನು ಸಣ್ಣದು ಮಾಡಿದರು, ನಡೆಯಿತು. ಅಷ್ಟೊತ್ತು ಬೈದದ್ದನ್ನೆಲ್ಲ ವಾಪಸು ತೆಗೆದುಕೊಳ್ಳುವ ಹಾಗಿರಲಿಲ್ಲ.

ಇಂಥ ತಪ್ಪುಗಳಿಗಾಗಿಯೇ ಮೇಡಂ ಎರಡು ಕಟ್ಟಳೆ ಮಾಡಿದ್ದರು. ಒಂದು, ಬರೆದದ್ದನ್ನು ಪಕ್ಕದವರಿಗೆ ಸಾಲು ಸಾಲಾಗಿ ಓದಿ ಹೇಳಬೇಕು, ಯಾವ ಅಕ್ಷರ ದೊಡ್ಡದು, ಯಾವುದು ಸಣ್ಣದು ಎನ್ನುವುದನ್ನೂ ಬಾಯಿಬಿಟ್ಟು ಹೇಳಬೇಕು. ಇನ್ನೊಂದು, ನಡೆಯಿತು ಎಂದು ಹಿಗ್ಗಬಾರದು, ಬೇರೆ ಬೇರೆ ಏನಾದರೂ ಹಾಕಿ ನೋಡಬೇಕು. “ನೀವು ಅಂದುಕೊಂಡದ್ದನ್ನ ಹಾಕಿದ್ರ ಅದು ನಡದ ನಡೀತೈತಿ. ಅಂದುಕೊಳ್ಳದ್ದನ್ನ ಹಾಕಿ ನೋಡ್ರಿ,” ಎನ್ನುತ್ತಿದ್ದರು.

ಸಂಕ್ರಾಂತಿ ಹತ್ತಿರ ಬಂತು. ಕ್ಲಾಸಿನಲ್ಲಿಯೇ ಅರಿಷಿಣ ಕುಂಕುಮ ಇಟ್ಟುಕೊಳ್ಳೋಣ, ಮನೆಯ ಹೆಂಗಸರನ್ನು ಕರೆತನ್ನಿ, ನೀವು ಮಾಡಿದ ಪೇಜುಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸೋಣ ಎಂದರು ಮೇಡಂ. ನಾನು ಒಡಪಿನ ಪೇಜು ಮಾಡುತ್ತೇನೆ ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದೆ.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಆದರೆ ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಸಂಕ್ರಾಂತಿಯಲ್ಲಿ ಹೆಂಗಸರು ಸುತ್ತುವರಿದು ‘ಹೆಸರ ಹೇಳ’ ಎಂದು ಬೆನ್ನು ಬೀಳುತ್ತಾರೆ. ಆಗ ಎರಡು ಪ್ರಾಸದ ಸಾಲು ಕಟ್ಟಿ, ನಡುವೆ ಹೆಸರನ್ನು ಸೇರಿಸಿ ಹೇಳಬೇಕು. ಅದೇ ಒಡಪು. ನಾನು ಒಡಪಿನಲ್ಲಿ ಹುಲಿ. ಸವದತ್ತಿಯ ನನ್ನ ತವರಿನ ಓಣಿಯಲ್ಲಿ ಕೇಳಿದರೆ ಈಗಲೂ ಹೇಳುತ್ತಾರೆ. ನೆಗೆಣ್ಣಿಗೆ ಅದು ಬಾರದು. ಮದುವೆಯಾಗಿ ಬಂದ ದಿನ ಹೊಸ್ತಿಲ ಹೊರಗೆ ನಿಂತು ತಡವರಿಸಿ, ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ನಮ್ಮೂರಿನ ಹೆಂಗಸರು ಅಷ್ಟಕ್ಕೂ ಬಿಟ್ಟಿರಲಿಲ್ಲ. ಅದನ್ನೇ ನೆನೆದು ಅವಳು ಸಂಕ್ರಾಂತಿಗೆ ಹೆದರುತ್ತಿದ್ದಳು. ನಾನು ಅಂದೆ: “ಈ ಸಲ ನೀ ಏನೂ ಬಾಯಿಪಾಠ ಮಾಡಬ್ಯಾಡ. ಹೆಸರು ಒತ್ತು, ಒಡಪು ಗ್ವಾಡಿ ಮ್ಯಾಲೆ ಬರ್ತೈತಿ, ಓದಿಬಿಡು. ಎಲ್ಲಾರ ಬಾಯಿ ಮುಚ್ಚಸ್ತೇನಿ ನಾ.” ಅವಳ ಮುಖ ಅರಳಿತು. ಅವಳು ನನಗಾಗಿ ಬಡಿದ ರೊಟ್ಟಿಗೆ ಇದು ನನ್ನ ಉಡುಗೊರೆ ಎಂದು ನಾನೂ ಉಬ್ಬಿದೆ.

ಒಡಪು ನಾನೇ ಕಟ್ಟಿದ್ದು. ‘ಮಲಪ್ರಭಾ ದಂಡಿಮ್ಯಾಲ ಬೆಳದೈತಿ ಬಿಳಿಜ್ವಾಳ, ಇಂಥವರ ಜೋಡಿ ಹಸನಾತು ನನ್ನ ಬಾಳ’. ಇಂಥವರ ಎನ್ನುವಲ್ಲಿ ಹೆಸರು ಬರಬೇಕು. ಹೆಸರಿಡುವ ಡಬ್ಬಿಗೆ ಏನು ಚೀಟಿ ಹಚ್ಚಲಿ? ಗಂಡ ಎಂದು ಬರೆಯಲು ಒಂಥರಾ ಆಯಿತು. ಮನೆಯಲ್ಲಿ ಅನ್ನುವ ಹಾಗೆ ‘ಇವರು’ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆದೆ. ಡಬ್ಬಿ ಖಾಲಿ ಇರಬಾರದೆಂದು ಮೊದಲ ಸಾಲಿನಲ್ಲಿಯೇ ಅದರೊಳಗೆ ನಮ್ಮವರ ಹೆಸರು ಹಾಕಿದೆ. ಅಷ್ಟಕ್ಕೆ ಅವತ್ತಿನ ಕ್ಲಾಸು ಮುಗಿಯಿತು. ಒತ್ತಿದ ಹೆಸರನ್ನು ತಂದು ಡಬ್ಬಿಗೆ ಹಾಕುವ, ‘ಇವರು’ ಎಂದೇ ಶುರುವಾಗುವ ಸಾಲನ್ನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಬರೆದು, ನನಗೆ ನಾನೇ ಮೆಸೇಜು ಮಾಡಿಕೊಂಡೆ. ಮೊಬೈಲು ಮೆಸೇಜಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುತ್ತದೆ. ಮರುದಿನ ಆ ಸಾಲನ್ನು ಇದ್ದ ಹಾಗೆಯೇ ತೆಗೆದು ಅಂಟಿಸಿದೆ. ಒಡಪು ತೋರಿಸುವ ಕೊನೆಯ ಸಾಲನ್ನು ಕ್ಲಾಸಿನಲ್ಲಿ ಬರೆದೆ, ಅಲ್ಲಿ ಮತ್ತೆ ಸಣ್ಣ ಅಕ್ಷರ.

ನಮ್ಮವರ ಹೆಸರು ಒತ್ತಿದೆ. ಒಡಪಿನಲ್ಲಿ ನಮ್ಮವರ ಹೆಸರು ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು. ಮೈಯೆಲ್ಲ ಜುಮ್ಮೆಂದಿತು.

ಪಕ್ಕದವಳಿಗೆ ಓದಿ ಹೇಳುವಾಗ ‘ಇವರು’ ಬಂದ ಕಡೆಯೆಲ್ಲ ನಾನು ದನಿ ನುಂಗಿದೆ. ಅವಳು ನಕ್ಕು ನನ್ನ ತೊಡೆ ಚಿವುಟಿದಳು. ದೊಡ್ಡದೋ ಸಣ್ಣದೋ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಮೇಡಂ ಬಂದು, “ಬ್ಯಾರೆ ಹೆಸರು ಹಾಕಿ ನೋಡೀರಿಲ್ರಿ?” ಎಂದರು.

“ನೋಡೇನ್ರಿ,” ಎಂದೆ.

ನೋಡಿರಲಿಲ್ಲ. ನೋಡಲು ಕೂತಿದ್ದೆ, ಅದು ನಿಜ. ಬೆರಳು ಕೀಲಿಯ ಮೇಲಿಟ್ಟು, ಯಾರ ಹೆಸರು ಹಾಕಲಿ ಎಂದು ಯೋಚಿಸಿದೆ. ‘ಹಸನಾತು ನನ್ನ ಬಾಳ’ ಎನ್ನುವುದರ ಹಿಂದೆ ಬೇರೊಬ್ಬ ಗಂಡಸಿನ ಹೆಸರನ್ನು ನನ್ನ ಕೈಯಿಂದ ಹೇಗೆ ಒತ್ತಲಿ? ದೇವರ ಹೆಸರು ಹಾಕೋಣವೆಂದರೆ ನಮ್ಮೂರಿನ ಅರ್ಧ ಗಂಡಸರಿಗೆ ದೇವರದೇ ಹೆಸರು. ಯಾರೂ ನೋಡುತ್ತಿರಲಿಲ್ಲ. ಅದು ಬರೀ ಕಂಪ್ಯೂಟರ್, ನನಗೆ ಗೊತ್ತಿತ್ತು. ಆದರೂ ಕೈ ಬರಲಿಲ್ಲ. ಮತ್ತೆ ನಮ್ಮವರ ಹೆಸರನ್ನೇ ಒತ್ತಿ, ಸರಿಯಾಗಿದೆ ಎಂದು ಎದ್ದೆ.

ಸಂಕ್ರಾಂತಿಯ ದಿನ ಕ್ಲಾಸು ತುಂಬಿ ಹೋಯಿತು. ಅತ್ತೆ ಬಂದಿದ್ದರು, ಕಂಪ್ಯೂಟರುಗಳ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಮ್ಮೂರಿನ ನಾಲ್ಕಾರು ಹೆಂಗಸರನ್ನೂ ನಾನೇ ಹಟ ಮಾಡಿ ಕರೆತಂದಿದ್ದೆ, ನನ್ನ ಪ್ರತಾಪ ನೋಡಲಿ ಎಂದು. ನೆಗೆಣ್ಣಿ ಇಳಕಲ್ ಸೀರೆ ಉಟ್ಟು, ತಲೆಯ ತುಂಬ ಸೆರಗು ಹೊದ್ದು ಬಂದಿದ್ದಳು. ಕುಂಕುಮ ಹಚ್ಚಿ, ಕುಸುರೆಳ್ಳು ಹಂಚಿ ಮುಗಿದ ಮೇಲೆ ನನ್ನ ಪೇಜು ಗೋಡೆಯ ಮೇಲೆ ಬಂತು. “ಹೊಸಾ ಮದುಮಗಳ ಮೊದಲ ಹೇಳ್ಲಿ,” ಎಂದು ನಾನೇ ಅವಳ ಕೈ ಹಿಡಿದು ಎಬ್ಬಿಸಿದೆ.

ಅವಳು ಕೂತು, ಒಂದೊಂದೇ ಅಕ್ಷರ ಹುಡುಕಿ ಗಂಡನ ಹೆಸರು ಒತ್ತಿದಳು. ಬಟನ್ ಒತ್ತಿದಳು. ಒಡಪು ಗೋಡೆಯ ತುಂಬ ಬಂತು. ಅವಳು ಎದ್ದು ನಿಂತು, ಹೆಂಗಸರ ಕಡೆ ನೋಡಲು ನಾಚಿ ಗೋಡೆಯನ್ನೇ ನೋಡುತ್ತ, ಎಲ್ಲಿ ತಡವರಿಸುತ್ತೇನೋ ಎಂದು ಒಂದೇ ಉಸಿರಿನಲ್ಲಿ ಓದಿದಳು. ನನ್ನನ್ನು ನಂಬಿ ಓದಿದಳು. “ಮಲಪ್ರಭಾ ದಂಡಿಮ್ಯಾಲ ಬೆಳದೈತಿ ಬಿಳಿಜ್ವಾಳ,” ಎಂದು, ಆಮೇಲೆ ನನ್ನ ಗಂಡನ ಹೆಸರು ಹೇಳಿ, “ಅವರ ಜೋಡಿ ಹಸನಾತು ನನ್ನ ಬಾಳ,” ಎಂದಳು.

ನನ್ನ ಗಂಡ ಅವಳಿಗೆ ಭಾವ. ಅವರು ಪಡಸಾಲೆಗೆ ಬಂದರೆ ಅವಳು ಸೆರಗು ಎಳೆದುಕೊಂಡು ಒಳಗೆ ಸರಿಯುತ್ತಾಳೆ. ಅವರ ಎದುರು ಕೂರುವುದಿಲ್ಲ, ಅವರೊಂದಿಗೆ ನೇರ ಮಾತಿಲ್ಲ. ಅವರ ಹೆಸರನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಕೇಳಿದ್ದು ಅವತ್ತೇ, ಅಷ್ಟು ಜನರ ನಡುವೆ, ಹಾಗೆ.

ಆಮೇಲೆ ನಮ್ಮೂರಿನವಳೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡು ಕಿಸಕ್ಕೆಂದಳು, ಅದು ಇಡೀ ಕೋಣೆಗೆ ಹಬ್ಬಿತು. ನೆಗೆಣ್ಣಿಗೆ ಆಗಲೇ ತಿಳಿದದ್ದು ತಾನೇನು ಅಂದೆ ಎಂದು. ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಗಡಬಡಿಸಿ ಹೋಗಿ ಮತ್ತೆ ಬಟನ್ ಒತ್ತಿದೆ. ಮತ್ತೆ ಅದೇ ಹೆಸರು ಬಂತು. ಇನ್ನೂ ಜೋರಾಗಿ ನಕ್ಕರು. ಅತ್ತೆ ಎದ್ದು ನಿಂತರು, ನಗಲಿಲ್ಲ. “ನಡೀರಿ, ಬಸ್ಸಿನ ಹೊತ್ತಾತು,” ಎಂದರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ದಾರಿಯುದ್ದಕ್ಕೂ ನೆಗೆಣ್ಣಿ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ನಾನು ಅವಳ ಹಿಂದಿನ ಸೀಟಿನಲ್ಲಿ ಕೂತು ಕಂಪ್ಯೂಟರನ್ನು ಬೈಯುತ್ತಿದ್ದೆ, ಮನಸ್ಸಿನಲ್ಲಿ. ಬಾಯಿಬಿಟ್ಟು ಬೈಯಲು ಮುಖವಿರಲಿಲ್ಲ.

ಮಾತು ನಮಗಿಂತ ಮೊದಲೇ ಊರು ಮುಟ್ಟಿದಂತಿತ್ತು. ಮರುದಿನ ಮುಂಜಾನೆ ನಲ್ಲಿಯ ಹತ್ತಿರ ಒಬ್ಬಳು ಅವಳನ್ನು ಕೇಳಿದ್ದನ್ನು ನಾನೇ ಕೇಳಿಸಿಕೊಂಡೆ: “ಯಾರ ಜೋಡಿ ಹಸನಾತ ಬೇ ಬಾಳ?” ಅವಳು ಕೊಡ ತುಂಬುವ ಮೊದಲೇ ಎತ್ತಿಕೊಂಡು ನಡೆದಳು. ನಮ್ಮವರು ಅಡುಗೆಮನೆಗೆ ಬಂದು ಊಟಕ್ಕೆ ಕೂರುವುದನ್ನು ಬಿಟ್ಟು, ತಾಟನ್ನು ಪಡಸಾಲೆಗೇ ತರಿಸಿಕೊಳ್ಳತೊಡಗಿದರು. ನೆಗೆಣ್ಣಿ ಎಂದಿನಂತೆ ನನ್ನ ಪಾಲಿನ ರೊಟ್ಟಿಯನ್ನೂ ಬಡಿದಳು. ಅಕ್ಕಾ ಎನ್ನುವುದನ್ನು ಮಾತ್ರ ನಿಲ್ಲಿಸಿದಳು. ಬುಟ್ಟಿ ತುಂಬಿದ ಮೇಲೆ ಕೈ ತೊಳೆದು ತನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ನಾಚಿಕೆ ಎನ್ನುವುದು ನನಗೆ ಅಷ್ಟು ಸುಲಭಕ್ಕೆ ಬರುವ ಗುಣವಲ್ಲ. ಆ ದಿನಗಳಲ್ಲಿ ಅವಳು ಬಡಿದ ರೊಟ್ಟಿ ಮುರಿಯಲು ನನಗೆ ನಾಚಿಕೆಯಾಗುತ್ತಿತ್ತು.

ಕ್ಲಾಸಿಗೆ ಹೋಗಿ ಮೇಡಂಗೆ ತೋರಿಸಿದೆ. ಅವರು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಬಂದು, ಎರಡನೆಯ ಸಾಲಿನಲ್ಲಿ ನಿಲ್ಲಿಸಿದರು. “ಇಲ್ಲೆ ‘ಇವರು’ ದೊಡ್ಡ ಐ ಆಗೇತಿ ನೋಡ್ರಿ. ಮ್ಯಾಲಿನ ಡಬ್ಬಿ ಬ್ಯಾರೆ, ಇದು ಬ್ಯಾರೆ. ನೀವು ಕರದ ಹೆಸರಿಂದು ಡಬ್ಬಿ ಇರಲಿಲ್ಲ, ಅದು ಸುಮ್ಮನ ತಾನ ಒಂದು ಹೊಸಾದು ಮಾಡ್ಕೊಂತು. ಅವರು ಒತ್ತಿದ್ದು ಅದರಾಗ ಹೋತು. ತೋರಿಸಿದ್ದು ಹಳೇ ಡಬ್ಬಿ, ನೀವು ಮೊದಲ ಹಾಕಿಟ್ಟ ಹೆಸರು.” ಆಮೇಲೆ ನನ್ನ ಮುಖ ನೋಡಿದರು. “ಬ್ಯಾರೆ ಹೆಸರು ಒಂದ ಒಂದು ಹಾಕಿದ್ರೂ ಗೊತ್ತಾಗ್ತಿತ್ತಲ್ರಿ. ಹಾಕೇನಿ ಅಂದಿದ್ರೆಲ್ಲ?”

“ಸುಳ್ಳು ಹೇಳಿದ್ದೆ ರೀ,” ಎಂದೆ. ಅವರು ಪಕ್ಕದ ಕಂಪ್ಯೂಟರಿಗೆ ಹೋದರು. ದೊಡ್ಡ ಐಯನ್ನು ಸಣ್ಣದು ಮಾಡಲು ಒಂದು ಗಳಿಗೆ ಸಾಕಾಯಿತು.

ಅವತ್ತು ಸಂಜೆ ಬೇಗ ಬಂದೆ. ನೆಗೆಣ್ಣಿ ಹಿಟ್ಟು ನಾದುತ್ತಿದ್ದಳು. ಅತ್ತೆ ಆಚೆ ಪಡಸಾಲೆಯಲ್ಲಿ ಸೊಪ್ಪು ಸೋಸುತ್ತಿದ್ದರು. ನಾನು ಅವಳ ಎದುರು ಕೂತು, ಮೊಬೈಲಿನಲ್ಲಿ ಪೇಜು ತೆಗೆದು, ಎಲ್ಲವನ್ನೂ ಹೇಳಿದೆ. ಎರಡು ಡಬ್ಬಿ ಆದದ್ದು, ಮೊಬೈಲು ಅಕ್ಷರ ದೊಡ್ಡದು ಮಾಡಿದ್ದು, ಮೊದಲ ಡಬ್ಬಿಯಲ್ಲಿ ನಮ್ಮವರ ಹೆಸರು ಉಳಿದದ್ದು. ನಾನು ಬುದ್ಧಿವಂತೆಯ ಹಾಗೆ ವಿವರಿಸುತ್ತಿದ್ದೇನೆ ಎಂದು ನನಗೇ ಅನ್ನಿಸಿ ನಡುವೆ ನಿಲ್ಲಿಸಿದೆ.

ಅವಳು ಹಿಟ್ಟಿನಿಂದ ಕೈ ತೆಗೆಯದೆ ಕೇಳಿದಳು: “ಮೊದಲ ನೀವು ನೋಡಲಿಲ್ಲೇನ್ರಿ, ಬ್ಯಾರೆ ಹೆಸರು ಹಾಕಿ?”

“ಬ್ಯಾರೆ ಗಂಡಸರ ಹೆಸರು ಹೆಂಗ ಹಾಕ್ಲಿ? ಕೈಯಾದ್ರೂ ಬರಬೇಕಲ್ಲ.”

ಅವಳು ತಲೆ ಎತ್ತಿದಳು. ಸಂಕ್ರಾಂತಿ ಆದ ಮೇಲೆ ಅವಳು ನನ್ನ ಕಣ್ಣು ನೋಡಿದ್ದು ಅದೇ ಮೊದಲು. “ನಿಮಗ ಕೈಲೆ ಒತ್ತೂದು ಆಗಲಿಲ್ಲ,” ಅಂದಳು. “ನನ್ನ ಕಡಿಂದ ಬಾಯಿಲೆ ಹೇಳಿಸಿದ್ರಿ.”

ಮಾಡಬೇಕಾದ ಕೆಲಸ ಒಂದೇ ಉಳಿದಿತ್ತು, ಅದನ್ನು ಅವತ್ತು ಕ್ಲಾಸಿನಲ್ಲಿಯೇ ಮಾಡಬೇಕಾಗಿತ್ತು. ಮೊಬೈಲನ್ನು ಅವಳಿಗೆ ಕಾಣುವ ಹಾಗೆ ಹಿಡಿದು, ಹೆಸರಿನ ಜಾಗದಲ್ಲಿ ಮೈದುನನ ಹೆಸರು ಒತ್ತಿದೆ. ಅವಳ ಗಂಡನ ಹೆಸರು. ನಾನು ದಿನವೂ ಹಿತ್ತಲಿನಿಂದ ‘ಊಟಕ್ಕ ಬಾರೋ’ ಎಂದು ಕೂಗಿ ಕರೆಯುವ ಹೆಸರು, ಅವನು ಶಾಲೆಗೆ ಹೋಗುವ ಹುಡುಗನಾಗಿದ್ದಾಗಿನಿಂದ ಕರೆದ ಹೆಸರು. ಬಟನ್ ಒತ್ತಿದೆ. ಒಡಪು ಬಂತು, ಸರಿಯಾಗಿ, ಅದೇ ಹೆಸರಿನೊಂದಿಗೆ.

ಆಮೇಲೆ ಓದಿದೆ. ಜೋಳದವರೆಗೆ ದನಿ ಬಂತು. ಅವನ ಹೆಸರಿಗೆ ಬಂದಾಗ ದನಿ ತಾನಾಗಿಯೇ ಇಳಿಯಿತು. ಕಿವಿ ಬಿಸಿಯಾಯಿತು. ನನ್ನ ಮಡಿಲಲ್ಲಿ ಬೆಳೆದಂಥ ಹುಡುಗನ ಹೆಸರನ್ನು ಆ ಜಾಗದಲ್ಲಿಟ್ಟು ಹೇಳುವುದು ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ಇದನ್ನು ತುಂಬಿದ ಕೋಣೆಯಲ್ಲಿ ಅನುಭವಿಸಿದ್ದಳು. ಗಂಟಲಿನಲ್ಲಿಯೇ ಹೆಸರು ಹೇಳಿ, ‘ಹಸನಾತು ನನ್ನ ಬಾಳ’ ಎಂದು ಮುಗಿಸಿ, ತಲೆ ತಗ್ಗಿಸಿದೆ.

ಅವಳು ನಡುವೆ ತಡೆಯುತ್ತಾಳೆ, ಸಾಕು ಬಿಡ್ರಿ ಎನ್ನುತ್ತಾಳೆ ಎಂದುಕೊಂಡಿದ್ದೆ. ತಡೆಯಲಿಲ್ಲ. ಹಿಟ್ಟಿನ ಉಂಡೆಯನ್ನು ನಾದುವ ಕೊಣಮಿಗೆಯಲ್ಲಿ ಒಂದು ಬದಿಗೆ ಸರಿಸಿದಳು, ಕೈಗೆ ಹತ್ತಿದ ಹಿಟ್ಟನ್ನು ಬೆರಳು ಬೆರಳಾಗಿ ತೆಗೆದಳು.

“ದನಿ ಸಣ್ಣದಾತ್ರಿ ಅಕ್ಕಾ,” ಎಂದಳು. “ಹೊರಗ ಅತ್ತೀಗೆ ಕೇಳಿಲ್ಲ. ಇನ್ನೊಮ್ಮೆ ಹೇಳ್ರಿ.”

ಅವಳು ನಗುತ್ತಿರಲಿಲ್ಲ. ಆದರೆ ಅಕ್ಕಾ ಎಂದಿದ್ದಳು. ನಾನು ಇನ್ನೊಮ್ಮೆ ಹೇಳಿದೆ, ಅತ್ತೆಗೆ ಕೇಳುವ ಹಾಗೆ.